ಎಂಟು ಡಿಸ್ಕು, ಮೂರು ಚೀಟಿ

ನಮ್ಮ ಅಡಿಗೆಮನೆಯ ಸಾಸಿವೆ ಡಬ್ಬಿಯ ಮೇಲೆ ಒಂದು ಬಿಳಿ ಚೀಟಿ ಈಗಲೂ ಅಂಟಿಕೊಂಡಿದೆ. ಅರಿಷಿಣದ ಬೆರಳು ತಾಗಿ ತಾಗಿ ಅರ್ಧ ಹಳದಿಯಾಗಿದೆ. ಕಿತ್ತು ಒಗೆಯಬೇಕೆಂದು ಎಷ್ಟೋ ಸಲ ಕೈ ಚಾಚಿದ್ದೇನೆ, ಅಷ್ಟೇ ಸಲ ಕೈ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹಳೆಯ ಚೀಟಿ ಕೀಳುವುದರಲ್ಲಿ ನನ್ನಷ್ಟು ಕೈ ಪಳಗಿದವನು ಈ ಭಾಗದಲ್ಲಿ ಇನ್ನೊಬ್ಬನಿರಲಿಲ್ಲ. ಅದರ ಬಗ್ಗೆ ನನಗೆ ಸೊಕ್ಕೂ ಇತ್ತು.

ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟು ರಾಯಬಾಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಸೇರಿದವನು ನಾನು. ಕಬ್ಬಿಗೆ ನೀರು ಎತ್ತುವ ಮೋಟಾರು ಸುಟ್ಟರೆ ರೈತರು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತಿದ್ದರು. ನಮ್ಮ ಮೇಸ್ತ್ರಿ ಸುಟ್ಟ ತಾಮ್ರ ಬಿಚ್ಚುವ ಮೊದಲೇ ಮೋಟಾರಿನ ಮೈಮೇಲಿನ ಹೆಸರಿನ ತಗಡು ಕೀಳಿಸುತ್ತಿದ್ದರು. ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆಯುವುದು, ಉಜ್ಜುವುದು, ಹಸಿರು ಬಣ್ಣ ಬಳಿಯುವುದು, ಕೊನೆಗೆ ನಮ್ಮ ಅಂಗಡಿಯ ಚೀಟಿ ಹಚ್ಚುವುದು. ಒಮ್ಮೆ ನಾನು ಆ ತಗಡಿನ ಮೇಲೇನು ಬರೆದಿದೆ ಎಂದು ತಿರುವಿ ನೋಡುತ್ತ ಕೂತಿದ್ದೆ. ಮೇಸ್ತ್ರಿ ತಲೆಗೆ ಒಂದು ಬಿಟ್ಟರು.

"ಏನ ಓದತೀಯೋ ಅದನ್ನ? ತಗಡ ಓದಿ ಕೆಲಸಾ ಮಾಡಾಂವ ಮೇಸ್ತ್ರಿ ಅಲ್ಲಲೇ. ಬಿಚ್ಚಿ ಎಣಸಾಂವ ಮೇಸ್ತ್ರಿ. ಸುತ್ತ ಎಷ್ಟ ಅದಾವ ಎಣಸ, ತಂತಿ ದಪ್ಪ ಎಷ್ಟ ಐತಿ ಅಳತಿ ಮಾಡ."

ಶಾಲೆ ಬಿಟ್ಟ ಹುಡುಗನಿಗೆ ಅದಕ್ಕಿಂತ ಸಮಾಧಾನದ ಮಾತು ಇನ್ನಾವುದಿತ್ತು? ಓದುವುದು ಬೇಕಿಲ್ಲ, ಬಿಚ್ಚಿದರೆ ಸಾಕು. ಆ ಮಾತನ್ನೇ ಕಟ್ಟಿಕೊಂಡು ಬೆಳೆದೆ. ಚಿಕ್ಕೋಡಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಅಂಗಡಿ ತೆರೆದಾಗ ಪಂಪಿನ ಸ್ಟಾರ್ಟರು, ಮಿಕ್ಸರು, ಟೇಪ್‌ರೆಕಾರ್ಡರು ಬರುತ್ತಿದ್ದವು. ಕೆಲವೇ ವರ್ಷಗಳಲ್ಲಿ ಕಂಪ್ಯೂಟರುಗಳೂ ಬರತೊಡಗಿದವು. ಅವನ್ನೂ ಬಿಚ್ಚಿ ಬಿಚ್ಚಿಯೇ ಕಲಿತೆ. ಡಿಪ್ಲೊಮಾ ಮಾಡಿದ ಹುಡುಗರು ಕೈಬಿಟ್ಟ ಯಂತ್ರ ನನ್ನ ಮೇಜಿನ ಮೇಲೆ ಜೀವ ಹಿಡಿದಾಗ ಬೇಕಂತಲೇ ಏನೂ ಮಾತಾಡುತ್ತಿರಲಿಲ್ಲ. ಮಾತಾಡದೆ ಇರುವುದರಲ್ಲೇ ಸೊಕ್ಕು ಹೆಚ್ಚು ಕಾಣುತ್ತದೆ ಎಂದು ಗೊತ್ತಿತ್ತು.

ಅದು ದೊಡ್ಡ ಕಂಪನಿಗಳ ಹಳೆಯ ಡಿಸ್ಕುಗಳು ಪುಣೆಯ ಮೋಡಕಾ ಬಜಾರಿಗೆ, ಅಂದರೆ ಗುಜರಿ ಮಾರುಕಟ್ಟೆಗೆ, ಬಂದು ಬೀಳುತ್ತಿದ್ದ ಕಾಲ. ಕಂಪನಿಯವರು ಕೆಲವು ವರ್ಷ ಹಗಲೂ ರಾತ್ರಿ ಓಡಿಸಿ, ಕೆಡುವ ಮೊದಲೇ ತೆಗೆದುಹಾಕುತ್ತಿದ್ದರು. ಅಂಗಡಿಯಲ್ಲಿ ಸಿಗುವ ಹೊಸ ಡಿಸ್ಕಿಗಿಂತ ಅವು ಗಟ್ಟಿ. ಆದರೆ ನಮ್ಮ ಕಂಪ್ಯೂಟರಿಗೆ ನೇರವಾಗಿ ಕೂರುವುದಿಲ್ಲ. ಬೇರೆ ಕಾರ್ಡು ಬೇಕು, ಬೇರೆ ವಾಯರು ಬೇಕು. ಮೇಲಾಗಿ ಅವರು ತಮ್ಮ ಯಂತ್ರಕ್ಕೆ ಬೇಕಾದ ಅಳತೆಯಲ್ಲಿ ಡಿಸ್ಕಿನ ಮನೆಗಳನ್ನು ಕಟ್ಟಿರುತ್ತಾರೆ. ಒಂದೊಂದು ಮನೆಯಲ್ಲಿ ಐದುನೂರಾ ಹನ್ನೆರಡು ಅಕ್ಷರ ಹಿಡಿಯುವ ಬದಲು ಐದುನೂರಾ ಇಪ್ಪತ್ತು. ಅದನ್ನು ಕೆಡವಿ ನಮ್ಮ ಅಳತೆಗೆ ಕಟ್ಟಬೇಕು, ಅದಕ್ಕೆ ತಾಸುಗಟ್ಟಲೆ ಹಿಡಿಯುತ್ತದೆ. ಇದನ್ನೆಲ್ಲ ನಾನು ಕಪ್ಪು ಪರದೆಯ ಮೇಲೆ ಒಂದೊಂದೇ ಅಕ್ಷರ ಕುಟ್ಟಿ ಕಲಿತಿದ್ದೆ. ನಿಪ್ಪಾಣಿಯಿಂದ ಕಾಗವಾಡದವರೆಗೆ ಈ ಕೆಲಸ ಬಲ್ಲವನು ನಾನೊಬ್ಬನೇ ಎಂದು ಜನ ಹೇಳುತ್ತಿದ್ದರು. ನಾನು ಅಲ್ಲವೆನ್ನುತ್ತಿರಲಿಲ್ಲ.

ಆ ಮಾತು ಕೇಳಿಯೇ ರಾಯಬಾಗದ ಸ್ಟುಡಿಯೋ ಅಣ್ಣ ನನ್ನ ಹತ್ತಿರ ಬಂದದ್ದು. ನನಗಿಂತ ಏಳೆಂಟು ವರ್ಷ ದೊಡ್ಡವರು. ಲಗ್ನದ ಫೋಟೋ, ವಿಡಿಯೋ ಅವರ ಕಸುಬು. ರಾಯಬಾಗ, ಅಥಣಿ, ಹೊಳೆಯ ಆಚೀಚಿನ ಹಳ್ಳಿಗಳ ಎಷ್ಟು ಲಗ್ನ ಅವರ ಕ್ಯಾಮೆರಾದ ಮುಂದೆ ಆಗಿಹೋಗಿದ್ದವೋ ಅವರಿಗೇ ಲೆಕ್ಕ ಇರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಗಾಡಿಯಲ್ಲಿ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು.

"ತಮ್ಮಾ, ಇದು ಒಳಗ ಟಕ್ ಟಕ್ ಅನ್ನಾಕತ್ತೈತಿ ನೋಡೋ."

ಹಚ್ಚಿ ಕಿವಿ ಕೊಟ್ಟೆ. ಡಿಸ್ಕಿನ ಒಳಗಿನ ಸೂಜಿ ತಡಕಾಡುತ್ತಿತ್ತು. ಒಂದು ಸಲ ಟಕ್ ಅಂದು, ಸ್ವಲ್ಪ ಸುಮ್ಮನಾಗಿ, ಮತ್ತೆ ಟಕ್. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು.

"ಅಣ್ಣಾ, ಇದರದು ಮುಗೀತ ಬಂತ್ರಿ. ಎಲ್ಲಾ ಬ್ಯಾರೆ ಕಡೆ ಇಳಿಸ್ಕೋಬೇಕು."

"ಎಲ್ಲೆ ಇಳಸ್ಲಿ? ಇಷ್ಟ ದೊಡ್ಡದ ನನ್ನ ಹಂತೇಕ ಎಲ್ಲೈತಿ? ಇದ್ರಾಗ ಹತ್ತ ವರ್ಷದ ಲಗ್ನ ಅದಾವೋ. ಡಿವಿಡಿ ಗೀರ ಬಿದ್ದ ಮಂದಿ ನನ್ನ ಕಡೆನ ಬರತಾರ. ಹೋಗೇತಿ ಅಂತ ಹೆಂಗ ಹೇಳಲಿ?"

"ಪುಣೆದಿಂದ ಎಂಟ ಡಿಸ್ಕ್ ಬರಾಕತ್ತಾವ್ರಿ, ಒಂದಕ್ಕಿಂತ ಒಂದ ಗಟ್ಟಿ. ಸೋಮವಾರ ಬರ್ರಿ, ತಯಾರ ಇಡ್ತೀನಿ. ಅಲ್ಲೀತನಾ ಇದನ್ನ ಹಚ್ಚಬ್ಯಾಡ್ರಿ."

"ಸೋಮವಾರ ಅಂದ್ರ ಸೋಮವಾರನ ಹೌದಿಲ್ಲೋ? ಮಂಗಳವಾರ ಒಬ್ಬರಿಗೆ ಲಗ್ನದ ಕ್ಯಾಸೆಟ್ ಕೊಡೂದೈತಿ, ಅದರ ಕೆಲಸಾನೂ ಇದರ ಮ್ಯಾಲೇ ಐತಿ."

"ನನ್ನ ಮಾತ ಅಂದ್ರ ಮಾತ್ರಿ."

ಡಿವಿಡಿ ಬಂದು ಎಷ್ಟೋ ವರ್ಷವಾಗಿದ್ದರೂ ಅವರು ಕ್ಯಾಸೆಟ್ಟೆಂದೇ ಅನ್ನುತ್ತಿದ್ದರು. ಅವತ್ತು ಅವರು ಪೆಟ್ಟಿಗೆಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದದ್ದು ಕಣ್ಣಿಗೆ ಕಟ್ಟಿದಂತಿದೆ.

ಶುಕ್ರವಾರ ಪುಣೆಯ ಪಾರ್ಸಲ್ ಬಂತು. ಎಂಟು ಡಿಸ್ಕು, ಒಂದೊಂದೂ ಇಟ್ಟಂಗಿ ಚೂರಿನಷ್ಟು ಭಾರ. ಮೈತುಂಬ ಯಾವ ಯಾವುದೋ ಕಂಪನಿಯ ಚೀಟಿ, ಗೆರೆಗಳು, ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ, ಅವುಗಳ ಮೇಲೆ ಧೂಳು. ನಾನು ಮೊದಲು ಮಾಡಿದ್ದು ಯಾವಾಗಲೂ ಮಾಡುತ್ತಿದ್ದ ಕೆಲಸವನ್ನೇ. ಬಿಸಿಗಾಳಿಯ ಗನ್ ಹಿಡಿದು, ಅಂಟು ಮೆತ್ತಗಾಗುತ್ತಲೇ ಚೀಟಿಯ ಮೂಲೆ ಎತ್ತಿ, ಹರಿಯದಂತೆ ಒಂದೇ ಎಳೆತಕ್ಕೆ ಕಿತ್ತೆ. ಥಿನ್ನರ್ ಹಚ್ಚಿ ಉಜ್ಜಿದೆ. ನಮ್ಮ ಅಂಗಡಿಯ ಕೆಂಪು ಚೀಟಿ ನೆಟ್ಟಗೆ ಅಂಟಿಸಿದೆ. ಎಂಟನ್ನೂ ಸಾಲಾಗಿ ಇಟ್ಟು ನೋಡಿದಾಗ ಕನ್ನಡಿಯಂತೆ ಹೊಳೆಯುತ್ತಿದ್ದವು. ಮೇಸ್ತ್ರಿ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಆಮೇಲೆ ಕಾರ್ಡಿಗೆ ಹಚ್ಚಿದೆ. ಡಿಸ್ಕು ತಿರುಗಿತು. ಕಂಪ್ಯೂಟರು ಅದರ ನಂಬರು ತೋರಿಸಿತು, ಎಷ್ಟು ದೊಡ್ಡದೆಂದೂ ತೋರಿಸಿತು. ಆದರೆ ಓದಲು ಬಿಡಲಿಲ್ಲ, ಬರೆಯಲು ಬಿಡಲಿಲ್ಲ, ಕೆಡವಿ ಕಟ್ಟಲೂ ಬಿಡಲಿಲ್ಲ. ಏನು ಮಾಡಿದರೂ ಅದೇ ಒಂದು ಸಾಲಿನ ತಪ್ಪು. ಎರಡನೆಯದು ಹಚ್ಚಿದೆ, ಮೂರನೆಯದು ಹಚ್ಚಿದೆ. ಎಂಟೂ ಹಾಗೆಯೇ. ಕಾರ್ಡು ಬದಲಿಸಿದೆ, ವಾಯರು ಬದಲಿಸಿದೆ. ಶನಿವಾರ ಹೋಯಿತು, ರವಿವಾರ ಹೋಯಿತು. ಒಂದು ಡಿಸ್ಕಿನ ತಳದ ಹಸಿರು ಸರ್ಕಿಟ್ ಪಟ್ಟಿ ಬಿಚ್ಚಿಯೂ ನೋಡಿದೆ. ಅಲ್ಲಿ ಎಣಿಸುವಂಥದ್ದು ಏನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅಣ್ಣನ ಫೋನು ಬಂತು.

"ಬರಲೇನೋ ತಮ್ಮಾ?"

"ಪಾರ್ಸಲ್ ಇನ್ನಾ ಬಂದಿಲ್ರಿ ಅಣ್ಣಾ. ಗಾಡಿ ತಪ್ಪೈತಂತ. ಇವತ್ತ ನಾಳೆ ಬರತೈತಿ."

ಪಾರ್ಸಲ್ಲಿನ ರಟ್ಟಿನ ಪೆಟ್ಟಿಗೆ ನನ್ನ ಕಾಲ ಬುಡದಲ್ಲೇ ಇತ್ತು. ಆಗುತ್ತಿಲ್ಲ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹೇಳಿದ್ದರೆ ಅವರು ಅವತ್ತೇ ಕೊಲ್ಹಾಪುರಕ್ಕೆ ಹೋಗಿ ಹೊಸ ಡಿಸ್ಕು ತರುತ್ತಿದ್ದರು. ಅದು ನನಗೂ ಗೊತ್ತಿತ್ತು.

ಮಂಗಳವಾರವೂ ಅದೇ ಫೋನು, ನನ್ನದೂ ಅದೇ ಸುಳ್ಳು. ಇಟ್ಟ ಮೇಲೆ ಬೇರೆ ದಾರಿ ಕಾಣದೆ ಪುಣೆಯ ವ್ಯಾಪಾರಿಗೆ ಫೋನ್ ಮಾಡಿ ಮಾಲು ಕೆಟ್ಟದ್ದು ಕಳಿಸಿದ್ದೀಯೆಂದು ಮರಾಠಿಯಲ್ಲಿ ಜಗಳವನ್ನೇ ತೆಗೆದೆ. ಅವನು ಪೂರ್ತಿ ಕೇಳಿಸಿಕೊಂಡು, ಇವು ತಾವೇ ಕೀಲಿ ಹಾಕಿಕೊಳ್ಳುವ ಡಿಸ್ಕು ಎಂದು ತಿಳಿಸಿ ಹೇಳಿದ. ಬರೆದದ್ದನ್ನೆಲ್ಲ ಡಿಸ್ಕು ತನ್ನೊಳಗೇ ಗೂಢ ಮಾಡಿ ಇಡುತ್ತದೆ. ಕಂಪನಿಯವರು ಅದಕ್ಕೊಂದು ಗುಪ್ತಪದ ಹಾಕಿರುತ್ತಾರೆ. ಮಾರುವಾಗ ತೆಗೆಯಲು ಮರೆತರೆ ಕೀಲಿ ಹಾಗೆಯೇ ಉಳಿಯುತ್ತದೆ. ಅವರ ಮಾಹಿತಿ ಯಾರಿಗೂ ಸಿಗುವುದಿಲ್ಲ. ಆದರೆ ಡಿಸ್ಕು ಕೈಯಲ್ಲಿ ಇದ್ದವನು ಹಳೆಯದನ್ನೆಲ್ಲ ಅಳಿಸಿ, ಖಾಲಿ ಡಿಸ್ಕು ಮಾಡಿ ಬಳಸಲು ಒಂದು ದಾರಿ ಇಟ್ಟಿರುತ್ತಾರೆ.

"ಲೇಬಲ್ ವರ್ ಬತ್ತೀಸ್ ಅಕ್ಷರ ಛಾಪಲೇಲೀ ಆಹೇತ," ಎಂದ ಅವನು. "ತೀ ಟಾಕ್, ಝಾಲಂ ಕಾಮ." ಚೀಟಿಯ ಮೇಲೆ ಮೂವತ್ತೆರಡು ಅಕ್ಷರ ಛಾಪಿಸಿದೆ, ಅದನ್ನು ಹಾಕು, ಕೆಲಸ ಮುಗಿಯಿತು.

ನಾನು ಹತ್ತಿರದ ಡಿಸ್ಕನ್ನು ಕೈಗೆತ್ತಿಕೊಂಡು ತಿರುವಿ ನೋಡಿದೆ.

"ಅರೇ ಬಾಬಾ, ಲೇಬಲ್ ಆಹೇ ನಾ?" ಎಂದ. ಚೀಟಿ ಇದೆ ತಾನೆ?

"ಆಹೇ, ಆಹೇ," ಎಂದು ಫೋನ್ ಇಟ್ಟೆ. ಎಂಟೂ ಡಿಸ್ಕಿನ ಮೇಲೆ ನನ್ನ ಅಂಗಡಿಯ ಕೆಂಪು ಚೀಟಿ, ನೆಟ್ಟಗೆ, ಒಂದು ಗುಳ್ಳೆಯೂ ಇಲ್ಲದೆ.

ಅಂಗಡಿಯ ಕಸದ ಬುಟ್ಟಿ ಸುರುವಿ ನೋಡಿದೆ. ಖಾಲಿ ಇತ್ತು. ಕಾಗದದ ಕಸವನ್ನೆಲ್ಲ ನನ್ನ ಹೆಂಡತಿ ಬಚ್ಚಲ ಒಲೆಗೆ ಒಯ್ಯುತ್ತಾಳೆ. ಹಂಡೆಯ ನೀರು ಕಾಯುವುದೇ ಅದರಿಂದ. ಒಳಗೆ ಓಡಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಶುಕ್ರವಾರ ಬಿಳೀ ಚೀಟಿ ಇದ್ದುವಲ್ಲ, ಎಲ್ಲಿ ಹಾಕೀದಿ?"

"ಯಾವೂ? ಅಂಟ ಇದ್ದೂವೇನ್ರಿ? ಒಲಿಗೆ ಹಾಕೀನಿ."

"ಎಲ್ಲಾನೂ?"

"ಅಂಟ ಚೊಲೋ ಇತ್ತಂತ ಒಂದೆರಡ ತಗದಿಟ್ಟಿದ್ದೆ. ಯಾಕ್ರಿ, ಮಾರಿ ಹಿಂಗ್ಯಾಕ ಆಗೇತಿ?"

ಹೇಳಿದೆ. ಅವಳಿಗೆ ಹೇಳಲು ನನಗೆ ಅಭಿಮಾನ ಅಡ್ಡ ಬರುವುದಿಲ್ಲ, ಬಂದರೂ ಅವಳು ಬಿಡುವುದಿಲ್ಲ. ಬಡಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಊರ ಮಂದಿ ಎಲ್ಲಾ ನಿಮ್ಮನ್ನ ಶ್ಯಾಣ್ಯಾ ಅಂತಾರ. ಕಿತ್ತ ಒಗಿಯೂಕಿಂತ ಮದಲ ಅದರ ಮ್ಯಾಲ ಏನ ಬರದಾರ ಅಂತ ಒಮ್ಮೆ ಓದಿ ನೋಡೂದಲ್ಲೇನ್ರಿ?"

ಅವಳು ಚುಚ್ಚಬೇಕೆಂದು ಅಂದದ್ದಲ್ಲ. ಆದರೂ ಎದೆಗೆ ನಾಟಿತು.

ಇಬ್ಬರೂ ಸೇರಿ ಹುಡುಕಿದೆವು. ಸೀಳಿದ ಪ್ಲಾಸ್ಟಿಕ್ ಮೊರಕ್ಕೆ ಒಂದು ಅಂಟಿಸಿದ್ದಳು. ಖಾರಪುಡಿಯ ಪಾಕೀಟಿನ ಬಾಯಿಗೆ ಒಂದು. ಸಾಸಿವೆ ಡಬ್ಬಿಯ ಮೇಲೊಂದು. ಒಲೆಯ ಬೂದಿ ಕೆದಕಿದರೆ ಒಂದರ ಮೂಲೆ ಸಿಕ್ಕಿತು, ನಾಲ್ಕು ಅಕ್ಷರ ಉಳಿದಿದ್ದವು. ಮೂವತ್ತೆರಡರಲ್ಲಿ ನಾಲ್ಕು. ಅದನ್ನು ಅಂಗೈಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದೆ. ಸೊಂಟ ನೋಯುತ್ತಿತ್ತು. ಎಂಟು ಡಿಸ್ಕಿಗೆ ಮೂರು ಚೀಟಿ.

ಪುಣ್ಯಕ್ಕೆ ಯಾವ ಚೀಟಿ ಯಾವ ಡಿಸ್ಕಿನದೆಂದು ಹುಡುಕುವುದು ಕಷ್ಟವಾಗಲಿಲ್ಲ. ಡಿಸ್ಕಿನ ನಂಬರು ಚೀಟಿಯ ಮೇಲೂ ಇರುತ್ತದೆ, ಪರದೆಯ ಮೇಲೂ ಬರುತ್ತದೆ. ಮೊರವನ್ನು ಬಿಸಿಲಿಗೆ ಹಿಡಿದು ಓದಿದೆ. ಪಾಕೀಟನ್ನು ಕತ್ತರಿಸಿದೆ. ಸಾಸಿವೆ ಡಬ್ಬಿಯ ಚೀಟಿ ಕೀಳಲು ಹೋದರೆ ಹರಿಯುವ ಹಾಗಿತ್ತು. ನನ್ನ ಕೈ ಮೊದಲ ಸಲ ಹೆದರಿತು. ಡಬ್ಬಿಯನ್ನೇ ಅಂಗಡಿಗೆ ಒಯ್ದು ಕೀಲಿಮಣೆಯ ಪಕ್ಕ ಇಟ್ಟುಕೊಂಡೆ.

ಬುಧವಾರ ಬೆಳಿಗ್ಗೆಯಿಂದ ಕುಟ್ಟಿದೆ. ಒಂದಕ್ಷರ ತಪ್ಪಿದರೆ ಒಪ್ಪುವುದಿಲ್ಲ. ಎಣ್ಣೆ ಮೆತ್ತಿದ ಜಾಗದಲ್ಲಿ ಸೊನ್ನೆ ಯಾವುದು, ಎಂಟು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲಿ ನಿಂತು ಡಬ್ಬಿ ತಿರುಗಿಸುತ್ತ ಒಂದೊಂದೇ ಅಕ್ಷರ ಓದಿ ಹೇಳಿದಳು. ಅವಳು ಹತ್ತನೇ ಇಯತ್ತೆ ಪಾಸು. ಐದನೆಯದೋ ಆರನೆಯದೋ ಸಲಕ್ಕೆ ಪರದೆಯ ಮೇಲೆ ತಪ್ಪಿನ ಸಾಲು ಬರಲಿಲ್ಲ. ಐದು ದಿನ ಕಲ್ಲಿನಂತಿದ್ದ ಡಿಸ್ಕು ಒಂದು ಉಸಿರು ತೆಗೆಯುವಷ್ಟರಲ್ಲಿ ಖಾಲಿಯಾಗಿ ತೆರೆದುಕೊಂಡಿತು. ಯಾವ ಕಂಪನಿಯದೋ, ಎಷ್ಟು ವರ್ಷದ್ದೋ, ಒಳಗಿದ್ದದ್ದೆಲ್ಲ ಹೋಯಿತು. ನನಗೆ ಸಂತೋಷವಾಗಬೇಕಿತ್ತು. ನಿದ್ದೆ ಬಂದಂತಾಯಿತು.

ಮೂರನ್ನೂ ತೆರೆದು, ಅಳತೆಗೆ ಕಟ್ಟಲು ಹಚ್ಚಿ, ಅಣ್ಣನಿಗೆ ನಾಳೆ ಬರ್ರಿ ಎಂದೆ.

ಗುರುವಾರ ಅವರು ಬಂದು ಪೆಟ್ಟಿಗೆ ಮೇಜಿನ ಮೇಲೆ ಇಟ್ಟರು. ಹಚ್ಚಿದೆ. ಟಕ್ ಟಕ್ ಹೋಗಿ ಕಿರ್ರ್ ಎನ್ನುವ ಸದ್ದು ಸೇರಿತ್ತು.

"ಅಣ್ಣಾ, ಇದನ್ನ ಹಚ್ಚೀದ್ರೇನ್ರಿ?"

"ಹಚ್ಚದ ಏನ ಮಾಡ್ಲೋ? ಇವತ್ತ ನಾಳೆ ಅಂದಿ. ಆ ಮಂದಿ ಬಂದ ಬಾಗಲದಾಗ ಕುಂತ್ರು. ಸೋಮವಾರ, ಮಂಗಳವಾರ ಎರಡೂ ದಿನಾ ಹಚ್ಚಿ ಅವರದ ಮುಗಿಸಿ ಕೊಟ್ಟೆ."

ಡಿಸ್ಕಿನೊಳಗೆ ವರ್ಷದ ಹೆಸರಿನ ಕಪಾಟುಗಳು, ಅಂದರೆ ಫೋಲ್ಡರುಗಳು, ಸಾಲಾಗಿ ಇದ್ದವು. ಮೇಲಿಂದ, ಹಳೆಯದರಿಂದ ಇಳಿಸಲು ಶುರು ಮಾಡಿದೆ. ಯಾವುದು ಮೊದಲು ಎಂದು ಅಣ್ಣನನ್ನು ಕೇಳಬೇಕಿತ್ತು, ಕೇಳಲಿಲ್ಲ. ಹಳೆಯವೆಲ್ಲ ಟೇಪಿನ ಮೇಲೂ ಇದ್ದವಂತೆ. ಕೊನೆಯ ಎರಡು ಹಂಗಾಮಿನ ಲಗ್ನಗಳು ಮಾತ್ರ ಹೊಸ ಕ್ಯಾಮೆರಾದ ಕಾರ್ಡಿನಿಂದ ನೇರವಾಗಿ ಡಿಸ್ಕಿಗೆ ಇಳಿದಿದ್ದವು, ಇನ್ನೆಲ್ಲೂ ಇರಲಿಲ್ಲ. ಮಧ್ಯಾಹ್ನದವರೆಗೆ ಚೆನ್ನಾಗಿ ಹರಿಯಿತು. ಪರದೆಯ ಮೇಲೆ ಊರುಗಳ ಹೆಸರು ಒಂದೊಂದಾಗಿ ದಾಟಿದವು: ಕಬ್ಬೂರ, ಕಾಗವಾಡ, ಮತ್ತೆ ಕಬ್ಬೂರ. ಅಣ್ಣ ಒಂದೊಂದನ್ನೂ ಗುರುತು ಹಿಡಿಯುತ್ತಿದ್ದರು. "ಇದ್ರಾಗ ಮದಿಮಗ ಕುದರಿ ಮ್ಯಾಲಿಂದ ಬಿದ್ದಿದ್ದ ನೋಡ. ಅದನ್ನ ತಗಿ ಅಂತ ಬೀಗರು ನನ್ನ ಕಾಲ ಹಿಡದ್ರು. ಆದ್ರ ನಾ ಒಂದ ಇಟಗೊಂಡೀನಿ." ನಾನೂ ನಕ್ಕೆ. ಇನ್ನೆರಡು ಕಪಾಟು ಉಳಿದಿದ್ದಾಗ ಕಿರ್ರ್ ಎನ್ನುವುದು ಏರಿತು, ಒಮ್ಮೆ ಕೀರಲಾಯಿತು, ನಿಂತಿತು.

ಆರಿಸಿ ತಣಿಸಿದೆ, ಮತ್ತೆ ಹಚ್ಚಿದೆ. ಏಳಲಿಲ್ಲ. ಆಮೇಲೆ ಪುಣೆಗೂ ಕಳಿಸಿ ನೋಡಿದೆವು. ಒಳಗಿನ ತಟ್ಟೆ ಗೀಚಿಹೋಗಿದೆ, ಏನೂ ಬರುವುದಿಲ್ಲ ಎಂದು ಹಿಂದಕ್ಕೆ ಬಂತು.

ಆ ಮಧ್ಯಾಹ್ನ ಅಣ್ಣ ನಿಂತುಹೋದ ಪೆಟ್ಟಿಗೆಯ ವಾಯರನ್ನು ತಾವೇ ಬಿಚ್ಚಿದರು. ಕಣ್ಣು ನನ್ನ ಕೀಲಿಮಣೆಯ ಪಕ್ಕಕ್ಕೆ ಹೋಯಿತು.

"ಸಾಸಿವಿ ಡಬ್ಬಿ ಯಾಕ ಇಟಗೊಂಡಿಯೋ ಇಲ್ಲೆ?"

ಆಗ ಹೇಳಿದೆ. ಪಾರ್ಸಲ್ ಶುಕ್ರವಾರವೇ ಬಂದದ್ದು, ಚೀಟಿ ಕಿತ್ತದ್ದು, ಒಲೆ, ಮೊರ, ಎರಡು ದಿನದ ಸುಳ್ಳು. ಅವರು ಬಯ್ಯಲಿ ಎಂದು ಕಾಯುತ್ತಿದ್ದೆ. ಬಯ್ದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

"ಒಂದ ಮಾತ ಹೇಳಬೇಕಿಲ್ಲೋ ತಮ್ಮಾ," ಎಂದರು. "ನಾ ಏನ ನಿನ್ನ ನುಂಗತಿದ್ನೇನ?"

ಅಷ್ಟೇ. ಮೂರು ಡಿಸ್ಕುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು.

ಉಳಿದ ಐದರ ಚೀಟಿ ಸುಟ್ಟುಹೋಗಿತ್ತು. ಅವು ಕೆಟ್ಟಿರಲಿಲ್ಲ, ತಿರುಗಲು ಹಚ್ಚಿದರೆ ಇವತ್ತಿಗೂ ತಿರುಗುತ್ತವೆ. ತೆರೆಯುವುದಿಲ್ಲ. ಒಂದು ಅಂಗಡಿಯ ಬಾಗಿಲಿಗೆ ಒತ್ತು, ಉಳಿದ ನಾಲ್ಕೂ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ ಸೀರೆಯ ಮೂಲೆಗಳಿಗೆ ಭಾರ. ಆಮೇಲೂ ಅಂಥ ಡಿಸ್ಕು ಎಷ್ಟೋ ಬಂದವು. ಬಂದ ತಕ್ಷಣ ಚೀಟಿಯ ಫೋಟೋ ತೆಗೆದು, ಆಮೇಲೆ ಹೆಂಡತಿಯ ಕೈಯಲ್ಲಿ ವಹಿಯಲ್ಲಿ ಬರೆಸಿ, ಆಮೇಲೆ ಹಚ್ಚುತ್ತಿದ್ದೆ. ಧೂಳಿದ್ದರೆ ಧೂಳೇ ಇರಲಿ. ನನ್ನ ಕೆಂಪು ಚೀಟಿಗಳ ಸುರುಳಿ ಖಾನೆಯಲ್ಲಿ ಬಿದ್ದು ಅಂಟು ಆರಿ ಹೋಯಿತು.

ಸ್ಟುಡಿಯೋಕ್ಕೆ ನಾನು ಹೋಗುವುದು ನಿಲ್ಲಲಿಲ್ಲ. ಪ್ರಿಂಟರು ಕೆಟ್ಟರೂ ಅಣ್ಣ ನನ್ನನ್ನೇ ಕರೆಯುತ್ತಿದ್ದರು. ಆ ಎರಡು ಹಂಗಾಮಿನ ಮಂದಿ ಡಿವಿಡಿ ಹಿಡಿದು ಬಂದಾಗ "ನನ್ನ ಡಿಸ್ಕ್ ಕೆಟ್ಟತ್ರಿ, ನನ್ನ ತಪ್ಪ" ಎಂದು ಕಳಿಸುತ್ತಿದ್ದರು. ನಾನು ಅಲ್ಲೇ ಕೂತು ಪ್ರಿಂಟರಿನ ತಿರುಪು ಬಿಗಿಯುತ್ತಿದ್ದೆ. ನನ್ನ ಹೆಸರು ಅವರು ಒಮ್ಮೆಯೂ ತೆಗೆಯಲಿಲ್ಲ. ಅದು ಅವರ ದೊಡ್ಡತನ. ನನಗೆ ಮಾತ್ರ ಪ್ರತಿ ಸಲ ಹೆಗಲ ಮೇಲೆ ಇನ್ನೊಂದು ಚೀಲ ಹೇರಿದಂತಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಥಣಿ ಕಡೆಯ ಸತ್ತಿ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಅರವತ್ತರ ಹತ್ತಿರ ಇದ್ದೀತು. ಎರಡು ಗಾಡಿ ಬದಲಿಸಿ ಬಂದಿದ್ದರು. ಕರವಸ್ತ್ರದಲ್ಲಿ ಕಟ್ಟಿದ ಡಿವಿಡಿ ಬಿಚ್ಚಿ ಮೇಜಿನ ಮೇಲೆ ಇಟ್ಟರು.

"ನಮ್ಮ ಮಗಳ ಲಗ್ನದ್ದರಿ. ಮದಿಮಕ್ಕಳ ಮ್ಯಾಲ ಅಕ್ಕಿಕಾಳ ಹಾಕೂ ತನಕಾ ಬರತೈತಿ, ಅಲ್ಲಿ ನಿಂತ ಬಿಡತೈತ್ರಿ. ಅದರ ಮುಂದ ನಮ್ಮ ಯಜಮಾನ್ರು ನಗೂದೈತಿ. ಫೋಟೋದಾಗ ಎಲ್ಲಾ ಕಡೆ ಮಾರಿ ಗಂಟ ಹಾಕ್ಕೊಂಡ ನಿಂತಾರ. ನಕ್ಕಿದ್ದ ಅದೊಂದ ಐತ್ರಿ. ಈಗ ಅವರಿಲ್ಲ."

ಅಣ್ಣ ಕನ್ನಡಕ ತೆಗೆದರು. "ಯವ್ವಾ, ಆ ವರ್ಷದ್ದ ನನ್ನ ಡಿಸ್ಕ್..." ಎಂದು ಶುರು ಮಾಡಿದರು.

ನಾನು ಪ್ರಿಂಟರು ಬಿಟ್ಟು ಎದ್ದು ನಿಂತೆ. "ಅವರದಲ್ರಿ ಯವ್ವಾ, ತಪ್ಪ ನಂದು." ನಡೆದದ್ದನ್ನೆಲ್ಲ ಹೇಳಿದೆ. ಹೊಸದಾಗಿ ಕಾಣಲಿ ಎಂದು ಚೀಟಿ ಕಿತ್ತು ಉಜ್ಜಿದ್ದು, ಅದರಿಂದ ಡಿಸ್ಕು ತೆರೆಯದೆ ಹೋದದ್ದು, ಸುಳ್ಳು ಹೇಳಿ ದಿನ ದೂಡಿದ್ದು. ಹೇಳಿದ ಮೇಲೆ ಏನಾದರೂ ಇಳಿಯುತ್ತದೆ ಎಂದುಕೊಂಡಿದ್ದೆ.

ಅವರು ನನ್ನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದರು.

"ಯಾರ ತಪ್ಪಾದ್ರೇನ ಯಪ್ಪಾ. ಐತೋ ಇಲ್ಲೋ ಅಷ್ಟ ಹೇಳ್ರಿ."

"ಇಲ್ರಿ," ಎಂದೆ.

ಅವರು ತಲೆ ಅಲ್ಲಾಡಿಸಿ ಡಿವಿಡಿಯನ್ನು ಮತ್ತೆ ಕರವಸ್ತ್ರದಲ್ಲಿ ಇಟ್ಟುಕೊಳ್ಳತೊಡಗಿದರು. ಗೀರು ಬಿದ್ದ ಡಿವಿಡಿಯನ್ನು ಮೇಣ ಹಚ್ಚಿ ತೀಡಿದರೆ ಒಮ್ಮೊಮ್ಮೆ ಓಡುತ್ತದೆ. ಆ ಕೆಲಸ ನನಗೆ ಬರುತ್ತಿತ್ತು.

"ಯವ್ವಾ, ಅದನ್ನ ನನ್ನ ಹಂತೇಕ ಬಿಟ್ಟ ಹೋಗ್ರಿ. ಸ್ವಚ್ಛ ಉಜ್ಜಿ ನೋಡತೀನಿ."

ಗಂಟು ಹಾಕುತ್ತಿದ್ದ ಕೈ ನಿಂತಿತು. "ಬ್ಯಾಡೋ ಯಪ್ಪಾ," ಎಂದರು, ಸಿಟ್ಟಿಲ್ಲದೆ. "ನೀ ಉಜ್ಜಬ್ಯಾಡ. ಅಕ್ಕಿಕಾಳಿನ ತನಕಾ ಆದ್ರೂ ಬರತೈತಿ, ಅಷ್ಟರ ಇರಲಿ."

ಅಥಣಿ ಗಾಡಿ ಎಷ್ಟಕ್ಕಿದೆ ಎಂದು ಕೇಳಿದರು. ಅಣ್ಣ ಹೇಳಿದರು. ಅವರು ಹೋದ ಮೇಲೆ ನಾನು ಮತ್ತೆ ಪ್ರಿಂಟರಿನ ಮುಂದೆ ಕೂತೆ. ಮುಚ್ಚಳದ ಮೇಲೆ ಬೆರಳಿನಷ್ಟು ಧೂಳಿತ್ತು. ಒರೆಸಲಿಲ್ಲ. ತಿರುಪು ಹಾಕಿ, ಕಾಗದ ಸರಿಯಾಗಿ ಬರುವುದನ್ನು ನೋಡಿ, ಚಿಕ್ಕೋಡಿ ಗಾಡಿ ಹಿಡಿದೆ.